ವಯಸ್ಸಿನ ಪುಸ್ತಕ: ಹತ್ತು ವರ್ಷದ ನನ್ನ ಅನುಭವ

ಈ ಸಲ ಆಟಿ ತಿಂಗಳ ಹದಿನೆಂಟಕ್ಕೆ, ಅಂದರೆ 2025ರ ಆಗಸ್ಟ್ 3ಕ್ಕೆ, ನನ್ನ ವಯಸ್ಸಿನ ಪುಸ್ತಕಕ್ಕೆ ಹತ್ತು ವರ್ಷ ತುಂಬಿತು. ಮನೆಯ ಜನರಿಗೂ ಗಿಡಗಳಿಗೂ ಯಾವ ವರ್ಷ ಎಷ್ಟು ವಯಸ್ಸಾಗಿರುತ್ತದೆ ಎಂದು ಮುಂಚೆಯೇ ಬರೆದಿಟ್ಟು ತೋಟದ ಕೆಲಸ ಯೋಚಿಸುವ ಪುಸ್ತಕ ಇದು. ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಮಳೆಗೆ ತೋಟದ ಕಡೆ ತಲೆ ಹಾಕುವ ಹಾಗಿರುವುದಿಲ್ಲ, ಆಳುಗಳೂ ಬರುವುದಿಲ್ಲ. ಕುಳಿತು ಮುಂದಿನದನ್ನು ಯೋಚಿಸಲು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ದಿನ ನಮ್ಮ ಕೊಡಗಿನಲ್ಲಿ ಇನ್ನೊಂದಿಲ್ಲ ಎಂದು ನನಗೆ ಖಾತ್ರಿಯಾಗಿದೆ. ಹತ್ತು ವರ್ಷವೂ ಅದೇ ದಿನ ಪುಸ್ತಕ ತೆಗೆದಿದ್ದೇನೆ. ಮೊದಲ ನಾಲ್ಕು ವರ್ಷ ಮನೆಯವರೇ ನಂಬಲಿಲ್ಲ. ಈಗ ಪಕ್ಕದ ತೋಟದ ಮೂವರು ತಮಗೂ ಹಾಕಿಕೊಡು ಎಂದು ಬಂದಿದ್ದಾರೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವಾಗ ಸಿಗುವ ಆರೂವರೆ ಎಕರೆ ರೊಬಸ್ಟಾ ಕಾಫಿ ತೋಟ, ಒಳಗೆ ಕಾಳುಮೆಣಸು. ಕೆರೆ ಬ್ಲಾಕ್ ಒಂದೂವರೆ, ರಸ್ತೆ ಬ್ಲಾಕ್ ಎರಡು, ಏರು ಬ್ಲಾಕ್ ಒಂದೂವರೆ, ಹಿತ್ತಿಲ ಬ್ಲಾಕ್ ಒಂದೂವರೆ. ಹಳೆಯ ಪೆರಿಡೀನಿಯಾ ತಳಿಯ ಗಿಡಗಳು, ಮಾವ 1972ರ ಆಸುಪಾಸಿನಲ್ಲಿ ನೆಟ್ಟದ್ದು. ಎಲ್ಲ ಸೇರಿ 110 ಚೀಲ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಬರುತ್ತಿತ್ತು.

ಮೊದಲು ನಾನು ಭವಿಷ್ಯ ಯೋಚಿಸುತ್ತಿದ್ದದ್ದು ಎಲ್ಲರ ಹಾಗೆ, ಬೆಲೆ ನೋಡಿ. ಮಡಗಾಸ್ಕರ್‌ನಲ್ಲಿ 2000ದಲ್ಲಿ ಚಂಡಮಾರುತ ಹೊಡೆದು ವೆನಿಲ್ಲಾ ಬೆಲೆ ಮೇಲೆ ಹೋಯಿತಲ್ಲ, ಹಸಿ ಬೀನ್ಸ್ ಕೆಜಿಗೆ ಮೂರು ಸಾವಿರದ ಆಚೆ ಈಚೆ ಇದ್ದಾಗ ನಾನೂ ಬಳೆ ಮಾರಿ 400 ಬಳ್ಳಿ ಹಾಕಿಸಿದೆ. ನನ್ನ ಬಳ್ಳಿ ಹೂ ಬಿಟ್ಟು, ಬೆಳಿಗ್ಗೆ ಬೆಳಿಗ್ಗೆ ಕಡ್ಡಿ ಹಿಡಿದು ಕೈಯಾರೆ ಪರಾಗ ಮುಟ್ಟಿಸಿ, ಕಾಯಿ ಕೈಗೆ ಬರುವ ಹೊತ್ತಿಗೆ ನೂರು ರೂಪಾಯಿಗೂ ಕೇಳುವವರಿಲ್ಲ. ಒಂದು ಲಕ್ಷದ ಇಪ್ಪತ್ತು ಸಾವಿರ ಹೋಯಿತು. ಆಗಿನ ದುಡ್ಡು. ಆ ಬಳೆ ಇವತ್ತಿಗೂ ಮರಳಿ ಮಾಡಿಸಿಲ್ಲ.

2015ರಲ್ಲಿ ಮನೆಯ ಮಾಡಿಗೂ ಕೆರೆ ಹೂಳಿಗೂ ಐದು ಲಕ್ಷ ಸಾಲ ತೆಗೆಯಲು ಹೋಗಿದ್ದೆ. ಏಳು ವರ್ಷದ ಅವಧಿ. ಅರ್ಜಿ ನೋಡುತ್ತಿದ್ದ ಅಧಿಕಾರಿ ತಲೆ ಎತ್ತದೆ ಕೇಳಿದರು, "ಸಾಲ ತೀರೋ ವರ್ಷ ನಿಮಗೆಷ್ಟು ವಯಸ್ಸಾಗಿರುತ್ತೆ ಮೇಡಂ?" ನಲವತ್ತನಾಲ್ಕು ಎಂದೆ. ಬಸ್ಸಿನಲ್ಲಿ ಬರುವಾಗ ಆ ಪ್ರಶ್ನೆ ಬಿಡಲೇ ಇಲ್ಲ. ಚಲನ್‌ನ ಬೆನ್ನಿಗೆ ಬರೆಯುತ್ತಾ ಹೋದೆ. 2022: ನನಗೆ 44, ಮಾವನಿಗೆ 77, ಮಗಳಿಗೆ 17, ಮೇಸ್ತ್ರಿಗೆ 59, ಕೆರೆ ಬ್ಲಾಕಿನ ಗಿಡಕ್ಕೆ 50, ಪಂಪ್‌ಸೆಟ್‌ಗೆ 19. ಸುಂಟಿಕೊಪ್ಪದಲ್ಲಿ ಇಳಿಯುವ ಹೊತ್ತಿಗೆ ನನಗೆ ಬೇಕಾದದ್ದು ಸಿಕ್ಕಿತ್ತು. ಬೆಲೆ ಯಾರಿಗೂ ಗೊತ್ತಿಲ್ಲ. ವಯಸ್ಸು ಮಾತ್ರ ಇಪ್ಪತ್ತು ವರ್ಷ ಮುಂಚೆಯೇ ಗೊತ್ತಿರುತ್ತದೆ, ಒಂದು ದಿನವೂ ಹೆಚ್ಚುಕಮ್ಮಿ ಆಗುವುದಿಲ್ಲ.

ಪುಸ್ತಕ ಅಂದರೆ ತೋಟದ ರೈಟರ್‌ಗಳು ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ, ಬರೆಯುವ ಉದ್ದ ಲೆಡ್ಜರ್. ಅಡ್ಡಕ್ಕೆ ವರ್ಷ, 2015ರಿಂದ 2040. ಕೆಳಗೆ ಒಂದೊಂದು ಸಾಲು: ಮನುಷ್ಯರು, ಗಿಡ, ಬಳ್ಳಿ, ನೆರಳಿನ ಮರ, ಪಂಪು, ಸಾಲ. ಮನೆ ನಾಯಿಯದ್ದೂ ಇದೆ, ತೋಟ ಕಾಯುವುದು ಅದೇ ತಾನೆ. ತುಂಬಿಸಿ ಮುಗಿದ ಮೇಲೆ ಪುಟವನ್ನು ಮೇಲಿನಿಂದ ಕೆಳಕ್ಕೆ ಓದಬೇಕು, ಒಂದೊಂದು ವರ್ಷವಾಗಿ. ಎಲ್ಲಿ ಎರಡು ಮೂರು ಕಷ್ಟ ಒಂದೇ ಕಂಬಕ್ಕೆ ಬೀಳುತ್ತದೋ ಅಲ್ಲಿ ಕೆಂಪು ಶಾಯಿ. ನನಗೆ ಕೆಂಪು ಬಿದ್ದದ್ದು 2023ಕ್ಕೆ. ಮಗಳು ಕಾಲೇಜಿಗೆ, ಮಾವ 78, ಗಿಡಗಳು ಐವತ್ತು ದಾಟಿ ಬರಡು, ಮೇಸ್ತ್ರಿ ಅರವತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿದೆ. 2023ಕ್ಕೆ ಒಂದು ಬ್ಲಾಕ್ ಪೂರ್ತಿ ಫಸಲಿಗೆ ಬಂದಿರಬೇಕು ಅಂದರೆ 2016ರ ಫೆಬ್ರವರಿಯಲ್ಲೇ ಗರಗಸ ಹಾಕಬೇಕು.

"ಬರುತ್ತಿರೋ ಗಿಡ ಕಡಿತಾರಾ ಅತ್ತಿಗೆ?" ಅಂದ ಮೈದುನ. ಮಾವ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಊಟಕ್ಕೆ ಕೂತು, "ನಾಳೆ ಬೆಳಿಗ್ಗೆ ಮಳೆ ಬರುತ್ತೋ ಬಿಸಿಲು ಬರುತ್ತೋ ಹೇಳೋಕಾಗಲ್ಲ, ಇವಳು 2023 ಬರೀತಾಳೆ" ಅಂದರು.

ಕಿತ್ತು ಹೊಸ ಸಸಿ ಹಾಕಿದರೆ ನಾಲ್ಕೈದು ವರ್ಷ ಕಾಯಬೇಕು. ಅದಕ್ಕೇ ಟಾಪ್ ವರ್ಕಿಂಗ್ ಆರಿಸಿಕೊಂಡೆ. ಕೊಯ್ಲು ಮುಗಿದ ಕೂಡಲೇ ಬುಡದಿಂದ ಒಂದಡಿ ಬಿಟ್ಟು ಕುಯ್ದು, ಒಡೆದ ಚಿಗುರಿನಲ್ಲಿ ಒಳ್ಳೆಯದೆರಡು ಉಳಿಸಿ ಅದಕ್ಕೆ ಸಿಎಕ್ಸ್‌ಆರ್ ಎಂಬ ರೊಬಸ್ಟಾ ತಳಿಯ ಕಸಿ. ಕೆರೆ ಬ್ಲಾಕಿನ 650 ಗಿಡ ಒಂದೇ ಸಲ. ಅದೇ ತಪ್ಪು. ಕಸಿ ಕಟ್ಟುವವರು ಸಿಗುವಷ್ಟರಲ್ಲಿ ಜುಲೈ ಆಯಿತು, ಜಡಿಮಳೆ. ಸುತ್ತಿದ ಪ್ಲಾಸ್ಟಿಕ್ ಒಳಗೆ ನೀರಿಳಿದು ಕಸಿ ಕಡ್ಡಿ ಕಪ್ಪಾಯಿತು. ನೂರಕ್ಕೆ ನಲವತ್ತು ಹಿಡಿದಿರಬಹುದು. ಮರುವರ್ಷ ಮಳೆ ಹಿಡಿಯುವ ಮೊದಲೇ ಕಟ್ಟಿಸಿದೆ, ಎಪ್ಪತ್ತೈದು ಹಿಡಿಯಿತು. ಕಡ್ಡಿ ಯಾವ ಗಿಡದ್ದು, ಎಷ್ಟು ದಿನ ಮೊದಲು ಅದರ ತುದಿ ಚಿವುಟಿ ಇಡುತ್ತೇನೆ ಅನ್ನುವುದು ಇಲ್ಲಿ ಬೇಡ. ಅದಕ್ಕೆ ನಾನು ಎರಡು ವರ್ಷ ಕಳೆದುಕೊಂಡಿದ್ದೇನೆ. 28 ಚೀಲ ಬರುತ್ತಿದ್ದ ಜಾಗದಲ್ಲಿ 2017ರಲ್ಲಿ ಏನೂ ಇಲ್ಲ, ಮರುವರ್ಷ ಆರು ಚೀಲ.

ದೊಡ್ಡ ತಪ್ಪು ಬೇರೆಯೇ ಇತ್ತು, ಅದೂ ಪುಸ್ತಕದ ಮೊದಲ ಪುಟದಲ್ಲೇ. ಸಾಲದ ಕಂತು ವರ್ಷಕ್ಕೆ ಲಕ್ಷದ ಮೇಲೆ. ಅದನ್ನು ಮೆಣಸಿಗೆ ಗಂಟು ಹಾಕಿದ್ದೆ. ಆಗ ಮೆಣಸು ಕೆಜಿಗೆ ಏಳುನೂರರ ಹತ್ತಿರ, ನಮ್ಮಲ್ಲಿ 280 ಕೆಜಿ, ಎರಡು ಲಕ್ಷ ಎಂದು ನಿಶ್ಚಿಂತೆಯಿಂದ ಬರೆದಿದ್ದೆ. ವಯಸ್ಸು ಬರೆಯಲು ಕೂತವಳು ಬೆಲೆ ಬರೆದುಬಿಟ್ಟಿದ್ದೆ. 2018ರ ಕೊನೆಗೆ ಬೆಲೆ ಅರ್ಧಕ್ಕಿಳಿಯಿತು, ಸೊರಗು ರೋಗ ಬಂದು ಮೆಣಸು 150 ಕೆಜಿಗೆ ನಿಂತಿತು.

ಅದೇ ವರ್ಷ ಆಗಸ್ಟ್‌ನ ಮಳೆ. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದು ಏನೇನಾಯಿತು ಎಂದು ಓದುವವರಿಗೆಲ್ಲ ಗೊತ್ತು. ಅವರ ಕಷ್ಟದ ಮುಂದೆ ನಮ್ಮದು ಲೆಕ್ಕಕ್ಕಿಲ್ಲ. ಹಟ್ಟಿಹೊಳೆ ಕಡೆಯ ರಸ್ತೆ ಕುಸಿದು ವಾರಗಟ್ಟಲೆ ಬಳಸು ದಾರಿ. ನಮ್ಮ ಏರು ಬ್ಲಾಕಿನಲ್ಲಿ ಅರ್ಧ ಎಕರೆ ಗಿಡ, ಮರ, ಬಳ್ಳಿ ಸಮೇತ ಕೆಳಗಿನ ತೋಡಿಗೆ ಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ ಕೆಂಪು ಮಣ್ಣು, ಅದರ ನಡುವೆ ಒಂದೇ ಒಂದು ಹಾಲುವಾಣ ಮರ ನೆಟ್ಟಗೆ ನಿಂತಿದೆ, ಸುತ್ತಿದ ಮೆಣಸಿನ ಬಳ್ಳಿಯೂ ಹಸಿರಾಗಿಯೇ ಇದೆ. ಇದ್ದ ಜಾಗದಿಂದ ಮೂವತ್ತು ಅಡಿ ಕೆಳಗೆ. ಆ ಸಾಲಿನ ಗೆರೆ ನನ್ನ ಪುಸ್ತಕದಲ್ಲಿ 2040ರವರೆಗೂ ಎಳೆದಿತ್ತು.

2018-19ರಲ್ಲಿ ಮನೆಗೆ ಬಂದದ್ದು ಎರಡೂವರೆ ಲಕ್ಷ, ಖರ್ಚು ಕಳೆಯುವ ಮೊದಲು. ಸರ ಅಡವಿಟ್ಟು ಕಂತು ಕಟ್ಟಿದೆ. ಆಟಿ ಹದಿನೆಂಟಕ್ಕೆ ಪುಸ್ತಕ ತೆಗೆಯುವಾಗ ಮನೆಯವರು, "ಇನ್ನೂ ಬೇಕಾ ಇದು?" ಎಂದು ಕೇಳಿದರು. ಬೇಕು ಅಂದೆ. ಎರಡು ನಿಯಮ ಸೇರಿಸಿದೆ, ಇವತ್ತಿಗೂ ಮುರಿದಿಲ್ಲ. ಒಂದು, ಚೀಲಕ್ಕೆ ಮೂರೂವರೆ ಸಾವಿರ, ಮೆಣಸಿಗೆ ಮುನ್ನೂರು, ಇದರ ಮೇಲೆ ಪುಸ್ತಕದಲ್ಲಿ ಹಾಕುವಂತಿಲ್ಲ. ಇನ್ನೊಂದು, ಪ್ರತಿ ಐದು ವರ್ಷಕ್ಕೊಂದು ಖಾಲಿ ವರ್ಷ. ಆ ವರ್ಷ ತೋಟದಿಂದ ಸೊನ್ನೆ ಬರುತ್ತದೆ ಅಂದುಕೊಂಡು ಮಿಕ್ಕ ನಾಲ್ಕು ವರ್ಷ ಎತ್ತಿಡುವುದು. 2021 ಖಾಲಿ ಎಂದು ಬರೆದಿದ್ದೆ. ಬಂದದ್ದು 2020ರಲ್ಲೇ, ಲಾಕ್‌ಡೌನ್ ಆಗಿ. ಎತ್ತಿಟ್ಟದ್ದು ಬರೀ ಎಪ್ಪತ್ತು ಸಾವಿರ. ಆದರೂ ಆ ವರ್ಷ ಕೈಸಾಲ ಮಾಡಲಿಲ್ಲ, ಆಳುಗಳ ಸಂಬಳ ನಿಲ್ಲಿಸಲಿಲ್ಲ. ಅವತ್ತಿನಿಂದ ಮೈದುನ ಪುಸ್ತಕದ ಬಗ್ಗೆ ಮಾತಾಡುವುದನ್ನು ಬಿಟ್ಟ.

ಎಲ್ಲಕ್ಕಿಂತ ನನಗೆ ಹೆಮ್ಮೆ ಇರುವುದು ಮೇಸ್ತ್ರಿಯ ಸಾಲಿನ ಬಗ್ಗೆ. ನಮ್ಮ ಮೆಣಸು ಹತ್ತುತ್ತಿದ್ದವರು ಅವರೇ, ಒಂಟಿ ಬಿದಿರಿನ ಏಣಿಯಲ್ಲಿ ಮೂವತ್ತೈದು ನಲವತ್ತಡಿ. 2015ರಲ್ಲಿ 52. ಬೆರಳು ಮುಂದಕ್ಕೆ ಸರಿಸುತ್ತಾ ಹೋದರೆ 2023ಕ್ಕೆ 60. ಅವರ ಮಗ ಮೈಸೂರಿನಲ್ಲಿ ಕೆಲಸ ಹಿಡಿದಾಗಿತ್ತು. ಮುಂದೆ ಯಾರು ಹತ್ತುತ್ತಾರೆ? ಆ ಕಂಬದಲ್ಲಿ ಹೆಸರೇ ಇರಲಿಲ್ಲ. 2016ರಿಂದ ಬಳ್ಳಿಯನ್ನು ಹದಿನೈದು ಅಡಿಗೆ ನಿಲ್ಲಿಸಲು ಶುರು ಮಾಡಿದೆ. ತುದಿ ಚಿವುಟುವುದು, ಪಕ್ಕದ ರೆಂಬೆ ತುಂಬಿಸುವುದು. ಜೊತೆಗೆ ಹೊಸದಾಗಿ ಹಾಲುವಾಣದ ಕೊಂಬು ನೆಟ್ಟು ಪಣಿಯೂರು ತಳಿಯ ತೊಂಬತ್ತು ಬಳ್ಳಿ ಹಾಕಿದೆ. ಮೇಸ್ತ್ರಿಯೇ, "ಅಮ್ಮಾ, ಮೇಲೆ ಹೋಗೋ ಬಳ್ಳಿ ತಲೆ ಚಿವುಟಿದ್ರೆ ಪಾಪ" ಎಂದು ಒಂದು ಸಾಲು ಚಿವುಟದೆ ಬಿಟ್ಟಿದ್ದರು. ಬಳ್ಳಿಗೆ ಎರಡೂವರೆ ಕೆಜಿ ಸಿಗುತ್ತಿದ್ದದ್ದು ಒಂದೂವರೆಗೆ ಇಳಿಯಿತು, ನಿಜ. ಆದರೆ ಈಗ ಎರಡು ವರ್ಷದಿಂದ ಸುತ್ತಮುತ್ತ ಏಣಿ ಹತ್ತುವವರಿಗಾಗಿ ಜನ ಫೋನ್ ಮೇಲೆ ಫೋನ್ ಮಾಡುತ್ತಾರೆ, ಮೆಣಸು ಮರದಲ್ಲೇ ಉದುರುತ್ತದೆ. ನಮ್ಮಲ್ಲಿ ನಾನೂ ಇನ್ನಿಬ್ಬರು ಹೆಂಗಸರೂ ಸೇರಿ ಕುಯ್ಯುತ್ತೇವೆ. ಹೋದ ವರ್ಷ 310 ಕೆಜಿ. ಏಣಿ ಫೈಬರಿನದು. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಜೀವ ಹೋಗಿದೆ, ದುಡ್ಡು ಜಾಸ್ತಿ ಆದರೂ ಫೈಬರಿನದೇ ತನ್ನಿ, ಅಲ್ಯೂಮಿನಿಯಂ ಮಾತ್ರ ತರಬೇಡಿ.

ನಡುವೆ ಮಾಡಿದ ಇನ್ನೊಂದು ಪ್ರಯೋಗ ಹೇಳಲೇಬೇಕು. ಮಾವ 1981ರಿಂದ ದಿನಾ ಮಳೆ ಅಳೆದು ಬರೆಯುತ್ತಾರೆ, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ. ಒಂದು ಮಳೆಗಾಲ ಪೂರ್ತಿ ಆ ಡೈರಿಗಳನ್ನು ಹರಡಿಕೊಂಡು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಅದರ ತಾರೀಕು ಮಾತ್ರ ಎತ್ತಿ ಬರೆದೆ. ಮಾರ್ಚ್ ಹತ್ತರೊಳಗೆ ಒಂದು ಇಂಚು ಸರಿಯಾಗಿ ಬಿದ್ದದ್ದು ಹತ್ತು ವರ್ಷಕ್ಕೆ ನಾಲ್ಕು ಸಲ ಇರಬಹುದು. ಅದರಲ್ಲೂ ಇಪ್ಪತ್ತು ದಿನದೊಳಗೆ ಅದರ ಬೆನ್ನಿಗೆ ಬೇಕಾದ ಎರಡನೇ ಮಳೆಯೂ ಬಂದ ವರ್ಷ ಎರಡೋ ಮೂರೋ. ಹೊಸ ಪಿಕಪ್ ತೆಗೆಯಬೇಕೆಂದು ಮನೆಯವರು ಕೂಡಿಟ್ಟಿದ್ದ ದುಡ್ಡು ಸ್ಪ್ರಿಂಕ್ಲರ್ ಪೈಪಿಗೆ ಹೋಯಿತು. ತಮ್ಮ ಡೈರಿಯಿಂದ ಇಂಥದ್ದೊಂದು ತೀರ್ಮಾನ ಹೊರಟದ್ದು ಮಾವನಿಗೆ ಬಹಳ ಖುಷಿ ಕೊಟ್ಟಿತು. ಅವತ್ತು ಮೊದಲ ಸಲ ಪುಸ್ತಕ ತೆಗೆದು ತಮ್ಮ ಸಾಲು ತಾವೇ ಓದಿದರು.

ಬೆಣ್ಣೆಹಣ್ಣೂ ಹಾಕಿದ್ದೇನೆ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ತಂದ ಹದಿನಾಲ್ಕು ಗಿಡ. ಮೂರು ಸತ್ತವು, ಎರಡನ್ನು ಆನೆ ತುಳಿಯಿತು. ಉಳಿದವು ಹೇಗೆ ಅಂತ ಇನ್ನೆರಡು ವರ್ಷ ಬಿಟ್ಟು ಬರೆಯುತ್ತೇನೆ.

ಈಗಿನ ಲೆಕ್ಕ. ಕೆರೆ ಬ್ಲಾಕ್ 50 ಚೀಲ. ರಸ್ತೆ ಬ್ಲಾಕನ್ನು ಬುದ್ಧಿ ಕಲಿತು ಅರ್ಧರ್ಧ ಮಾಡಿ 2020, 2021ರಲ್ಲಿ ಕುಯ್ಯಿಸಿದೆ, ಅಲ್ಲಿ 55. ಏರಿನಲ್ಲಿ ಉಳಿದದ್ದು 18. ಜಾರಿದ ಅರ್ಧ ಎಕರೆಗೆ ಕಾಫಿ ಹಾಕಿಲ್ಲ, ಕಾಡುಮರ ಬೆಳೆಯಲು ಬಿಟ್ಟಿದ್ದೇನೆ. ಹಿತ್ತಿಲು 25. ಒಟ್ಟು 148ರ ಹತ್ತಿರ. 2024ರಲ್ಲಿ ಅರ್ಧ ಫಸಲನ್ನು ಜನವರಿಯಲ್ಲಿ ಏಳು ಸಾವಿರದ ಆಸುಪಾಸಿಗೆ ಕೊಟ್ಟೆ, ಮಿಕ್ಕದ್ದು ಏಪ್ರಿಲ್‌ನಲ್ಲಿ ಹತ್ತು ಸಾವಿರ ದಾಟಿದಾಗ. ಔಟ್‌ಟರ್ನ್, ಅಂದರೆ ಒಂದು ಚೀಲ ಚೆರಿಯಿಂದ ಸಿಗುವ ಬೀಜದ ತೂಕ, ಕೂಡ ಹಳೆಯ ಗಿಡಕ್ಕಿಂತ ಒಂದು ಕೆಜಿ ಮೇಲೆ ಸಿಗುತ್ತಿದೆ. ಸರ ಬಿಡಿಸಿ ತಂದೆ. ಮಗಳು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಶುಲ್ಕ, ಹಾಸ್ಟೆಲ್, ಓಡಾಟ ಸೇರಿ ವರ್ಷಕ್ಕೆ ಲಕ್ಷದ ಹತ್ತಿರ, ಎಲ್ಲ ಕೆರೆ ಬ್ಲಾಕಿನದೇ, 2015ರಲ್ಲಿ ಬರೆದ ಹಾಗೆ.

ಬೆಲೆ ಬಂತು, ಅದಕ್ಕೇ ಗೆದ್ದೆ ಅನ್ನುವವರಿದ್ದಾರೆ. ಬೆಲೆ ಎಲ್ಲರಿಗೂ ಬಂತು. ಪುಸ್ತಕದ ಮೂರೂವರೆ ಸಾವಿರದ ಲೆಕ್ಕದಲ್ಲೇ ನೋಡಿದರೂ ಕೆರೆ ಬ್ಲಾಕು ಮಗಳ ಖರ್ಚು ಕಳೆದು ಎಪ್ಪತ್ತು ಎಂಬತ್ತು ಸಾವಿರ ಉಳಿಸುತ್ತದೆ. ಮೇಲೆ ಬಂದದ್ದನ್ನು ಬೇರೆ ಪುಟದಲ್ಲಿ ಇಟ್ಟಿದ್ದೇನೆ. ಆ ಪುಟ ಯಾರಿಗೂ ತೋರಿಸುವುದಿಲ್ಲ, ಮನೆಯವರಿಗೂ.

ನಿಮ್ಮ ಮನೆಯಲ್ಲೂ ಶುರು ಮಾಡುವವರು ಒಂದನ್ನು ಗಮನಿಸಿ. ವಯಸ್ಸಾದವರ ಸಾಲನ್ನು ಮಧ್ಯದಲ್ಲಿ ನಿಲ್ಲಿಸಬೇಡಿ. ನಾನು ಮೊದಲ ಸಲ ಮಾವನ ಸಾಲನ್ನು 85ಕ್ಕೆ ನಿಲ್ಲಿಸಿದ್ದೆ. ಅವರು ಪುಸ್ತಕ ಓದಿದ ದಿನ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು 95ರವರೆಗೆ ತುಂಬಿಸಿದೆ.

ಇನ್ನು ಉಳಿದಿರುವುದು ಹಿತ್ತಿಲ ಬ್ಲಾಕ್. 2026ರ ಫೆಬ್ರವರಿ ಎಂದು ಬರೆದಿತ್ತು. ಮಾವ ಮದುವೆಗೆ ಮೊದಲು ತಾವೇ ಗುಂಡಿ ತೋಡಿ ನೆಟ್ಟ ಗಿಡ, ಕೇಳುವುದು ಹೇಗೆ ಎಂದು ಈ ಆಟಿಯಲ್ಲಿ ನಾನು ಪುಟ ತಿರುಗಿಸದೆ ಕೂತಿದ್ದೆ. ಅವರೇ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು.

"ಪೂರ್ತಿ ಕುಯ್ಯಬೇಡಮ್ಮ. ಬಾವಿಯಿಂದ ಮೇಲಿನ ಸಾಲು ನೀರು ಕೊಡದಿದ್ರೂ ಹೂ ಹಿಡಿಯುತ್ತೆ, ಅದರ ಬೇರು ಒಳ್ಳೇದು. ಕೆಳಗಿಂದ ಮೊದಲು ಮಾಡು."

"ಮೇಲಿನದು ಯಾವಾಗ ಮಾವ?"

"2028 ಹಾಕು. ಕಡ್ಡಿ ಮಾತ್ರ ಆ ಮೇಲಿನ ಸಾಲಿನದ್ದೇ ಸ್ವಲ್ಪ ಕಟ್ಟಿ ನೋಡು."

ಕೆಳಗಿನದು ಎಣಿಸಿದರೆ 310 ಗಿಡ. ಗರಗಸದವರಿಬ್ಬರಿಗೆ ಐದು ಸಾವಿರ ಮುಂಗಡ ಕೊಟ್ಟಾಗಿದೆ.