ದಸರಾ ಮುಗಿದ ಮೇಲೆ ದಾವಣಗೆರೆಯಿಂದ ಕೊಲ್ಹಾಪುರಕ್ಕೆ ಕಾರಲ್ಲಿ

ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ ದಾಟಿ ಕಾಗಲ್ ಹತ್ತಿರ ಮಹಾರಾಷ್ಟ್ರ; ಒಟ್ಟು ಸುಮಾರು 350 ಕಿ.ಮೀ. ನವರಾತ್ರಿಯಲ್ಲಿ ಕೊಲ್ಹಾಪುರದ ಅಂಬಾಬಾಯಿ (ಮಹಾಲಕ್ಷ್ಮಿ) ಗುಡಿಯಲ್ಲಿ ನೂಕುನುಗ್ಗಲು, ನವೆಂಬರ್ 1ಕ್ಕೆ ಬೆಳಗಾವಿ ತುಂಬ ರಾಜ್ಯೋತ್ಸವದ ಮೆರವಣಿಗೆ. ನಡುವಿನ ವಾರಗಳೇ ಲೇಸು.

ಬಿಳಿ ಬೋರ್ಡ್ ಕಾರಿಗೆ ಪರ್ಮಿಟ್ ಬೇಡ. ಆರ್‌ಸಿ, ಡಿಎಲ್, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಡಿಜಿಲಾಕರ್‌ನಲ್ಲಿರಲಿ. ಬಾಡಿಗೆಯ ಹಳದಿ ಬೋರ್ಡ್ ಆದರೆ ಹೊರರಾಜ್ಯದ ಪರ್ಮಿಟ್ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ಫಾಸ್ಟ್ಯಾಗ್‌ನಲ್ಲಿ ದುಡ್ಡಿದ್ದರೂ ಕೆವೈಸಿ ಬಾಕಿಯಿದ್ದರೆ ಬ್ಲಾಕ್‌ಲಿಸ್ಟ್ ಆಗಬಹುದು. ಆಗ ನಗದಾದರೆ ಎರಡು ಪಟ್ಟು, ಯುಪಿಐ ಆದರೆ ಒಂದೂಕಾಲು ಪಟ್ಟು ಟೋಲ್. ಹಿಂದಿನ ದಿನವೇ ನೋಡಿಕೊಳ್ಳಿ.

ಚಿತ್ತಾ, ಸ್ವಾತಿ ಮಳೆ ಸಂಜೆ ಹೊತ್ತು ಒಮ್ಮೆಲೇ ಸುರಿಯುತ್ತವೆ. ವೈಪರ್ ಗಾಜಿನ ಮೇಲೆ ಗೆರೆ ಬಿಡುತ್ತಿದ್ದರೆ ರಬ್ಬರ್ ಬದಲಿಸಿ. ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ಹಿಡಿಸಿ. ಓಡಿ ಬಿಸಿಯಾದ ಟೈರ್ ಹೆಚ್ಚು ತೋರಿಸುತ್ತದೆ, ಹಾಗಾಗಿ ಕಡಿಮೆ ತುಂಬಿಸಿಕೊಂಡು ಬರುತ್ತೀರಿ. ಐದು ಜನ, ಲಗೇಜು ಇದ್ದರೆ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವ ಫುಲ್ ಲೋಡ್ ಅಂಕಿ ನೋಡಿ.

ನಿಜವಾದ ಅಪಾಯ ಕಬ್ಬಿನ ಟ್ರ್ಯಾಕ್ಟರ್. ಸಕ್ಕರೆ ಕಾರ್ಖಾನೆ ಶುರುವಾದರೆ ಬೆಳಗಾವಿಯಿಂದಾಚೆ ಎರಡೆರಡು ಟ್ರೇಲರ್ ಎಳೆಯುತ್ತಾ ನಿಧಾನ ಹೋಗುತ್ತಿರುತ್ತವೆ. ಎಷ್ಟೋ ಟ್ರೇಲರ್‌ಗೆ ಹಿಂದೆ ದೀಪವಿಲ್ಲ, ಜಲ್ಲೆ ಬದಿಗೆ ಚಾಚಿಕೊಂಡಿರುತ್ತದೆ; ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಬೆಳಗಿನ ಜಾವ ಹೊರಟು ಮಧ್ಯಾಹ್ನವೇ ತಲುಪಿ. ಬರುವಾಗಲೂ ಕತ್ತಲಾಗುವ ಮುಂಚೆ ಬೆಳಗಾವಿ ದಾಟಿರಿ.