ಮಲೆನಾಡಿನ ಮನೆಗೆ ಗೋಬರ್ ಗ್ಯಾಸ್: ಮೊದಲು ಸಗಣಿ ತೂಗಿ, ಆಮೇಲೆ ಗುಂಡಿ ತೋಡಿ

ಹೊಸನಗರ, ಸಾಗರ, ತೀರ್ಥಹಳ್ಳಿ ಸುತ್ತಿನ ತೋಟದ ಮನೆಗಳ ಹಿತ್ತಿಲಲ್ಲಿ ಪಾಳುಬಿದ್ದ ಗೋಬರ್ ಗ್ಯಾಸ್ ಗುಂಡಿಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಗುಮ್ಮಟ ಒಡೆದು ನಿಂತವಕ್ಕಿಂತ ಹೊಟ್ಟೆಗೆ ಸಾಲದೆ ನಿಂತವೇ ಜಾಸ್ತಿ. ಮನೆಯಲ್ಲಿ ದನ ಎಷ್ಟಿವೆ ಎಂದು ಎಣಿಸಿ ಗುಂಡಿಯ ಅಳತೆ ಹೇಳಿಬಿಡುತ್ತಾರೆ. ದಿನಾ ಎಷ್ಟು ಸಗಣಿ ಕೈಗೆ ಸಿಗುತ್ತದೆ ಎಂದು ಯಾರೂ ತೂಗುವುದಿಲ್ಲ. ಇಲ್ಲಿ ಎಡವಿದರೆ ಆಮೇಲೆ ಯಾವ ಮೇಸ್ತ್ರಿ ಬಂದರೂ ಸರಿಮಾಡಲಾಗದು.

ತೂಕದ ಲೆಕ್ಕ

ಒಂದು ವಾರ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕೊಟ್ಟಿಗೆಯಲ್ಲಿ ಬಿದ್ದ ಸಗಣಿಯನ್ನು ಬುಟ್ಟಿಗೆ ತುಂಬಿ ತೂಗಿ, ಬರೆದಿಡಿ. ಮಲೆನಾಡು ಗಿಡ್ಡ ತಳಿಯ ಹಸು ದಿನಕ್ಕೆ ಹಾಕುವುದೇ ನಾಲ್ಕೈದು ಕೆಜಿ, ಬೆಟ್ಟಕ್ಕೆ ಮೇಯಲು ಹೋದರೆ ಅದರಲ್ಲಿ ಅರ್ಧ ಬೆಟ್ಟದ ಪಾಲು. ಕಟ್ಟಿ ಮೇಯಿಸುವ ಮಿಶ್ರತಳಿ ಹಸುವಿನಿಂದ 10ರಿಂದ 15 ಕೆಜಿ ಸಿಗುತ್ತದೆ. ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 25 ಕೆಜಿ ಹಸಿ ಸಗಣಿ ಬೇಕು. ಅಡುಗೆಗೆ ತಲೆಗೆ ದಿನಕ್ಕೆ 0.24 ಘನ ಮೀಟರ್ ಹಿಡಿದರೆ ಐದು ಜನರ ಮನೆಗೆ 1.2 ಘನ ಮೀಟರ್ ಆಯಿತು. ನೆಂಟರು, ಹಬ್ಬ, ಮಳೆಗಾಲದ ಇಳಿತ ಎಲ್ಲ ಸೇರಿಸಿ 2 ಘನ ಮೀಟರಿನ ಗುಂಡಿ ಸರಿಹೋಗುತ್ತದೆ. ಅದಕ್ಕೆ ದಿನಾ 50 ಕೆಜಿ ಸಗಣಿ ಬೀಳಬೇಕು.

ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.45 ಕೆಜಿ ಎಲ್‌ಪಿಜಿಗೆ ಸಮ. ಅಂದರೆ ಹೊಟ್ಟೆ ತುಂಬಿದ 2 ಘನ ಮೀಟರಿನ ಗುಂಡಿ ಹದಿನಾರು ದಿನಕ್ಕೊಂದು 14.2 ಕೆಜಿ ಸಿಲಿಂಡರ್ ಉಳಿಸುತ್ತದೆ. 25 ಕೆಜಿ ಸಗಣಿ ಇಟ್ಟುಕೊಂಡು 3 ಘನ ಮೀಟರಿನದು ಕಟ್ಟಿಸಿದರೆ ಗ್ಯಾಸ್ ಹೆಚ್ಚುವುದಿಲ್ಲ. ದೊಡ್ಡ ಗುಮ್ಮಟದಲ್ಲಿ ಸ್ವಲ್ಪ ಗ್ಯಾಸ್ ಹರಡಿಕೊಂಡು ಒತ್ತಡ ಸಾಲದೆ ಒಲೆ ಮಿಣುಕುತ್ತದೆ, ಅಷ್ಟೆ.

ನಮ್ಮ ಕಡೆಯ ಇನ್ನೊಂದು ತೊಡಕು ಹಾಸಿನ ಸೊಪ್ಪು. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ಬೆರೆತ ಸಗಣಿ ಗೊಬ್ಬರದ ಗುಂಡಿಗೆ ಬಂಗಾರ, ಗ್ಯಾಸ್ ಗುಂಡಿಗೆ ಕಂಟಕ. ಎಲೆ ತೇಲಿ ಮೇಲೆ ದಪ್ಪ ಹೊದಿಕೆಯಾಗುತ್ತದೆ, ಗ್ಯಾಸ್ ಕೆಳಗೇ ಸಿಕ್ಕಿಕೊಳ್ಳುತ್ತದೆ. ಕೊಟ್ಟಿಗೆಯನ್ನೇ ಎರಡು ಮಾಡಿ: ಕರೆಯುವ ಹಸುಗಳಿಗೆ ಕಲ್ಲು ಹಾಸಿದ ಅಥವಾ ಸಿಮೆಂಟ್ ನೆಲ, ಆ ಸಗಣಿ ಗ್ಯಾಸಿಗೆ. ಗೊಡ್ಡು ದನ, ಕರುಗಳಿಗೆ ಸೊಪ್ಪಿನ ಹಾಸು, ಅದು ನೇರ ಗೊಬ್ಬರಕ್ಕೆ. ಅಡಿಕೆ ಸಿಪ್ಪೆಯನ್ನೂ ಗುಂಡಿಗೆ ತೋರಿಸಬೇಡಿ.

ಜಾಗ ಮತ್ತು ಕಟ್ಟೋಣ

ಮನೆ ದಿಬ್ಬದ ಮೇಲೆ, ತೋಟ ಕೆಳಗೆ ಇರುವುದು ಇಲ್ಲಿನ ವಾಡಿಕೆ. ಗುಂಡಿ ಕೊಟ್ಟಿಗೆಯ ಪಕ್ಕ, ತೋಟಕ್ಕಿಂತ ಎತ್ತರದಲ್ಲಿರಲಿ. ಸ್ಲರಿ, ಅಂದರೆ ಗ್ಯಾಸ್ ಬಿಟ್ಟು ಹೊರಬರುವ ಸಗಣಿ ಗಂಜಿ, ಹೊರುವ ಕೂಲಿ ಪೂರ್ತಿ ಉಳಿಯುತ್ತದೆ. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 15 ಮೀಟರ್ ದೂರ. ಅಡುಗೆಮನೆಗೆ ಹತ್ತಿರ ಇದ್ದಷ್ಟೂ ಒತ್ತಡ ಚೆನ್ನ. ಹಲಸು, ಮಾವಿನ ಬುಡ ಬೇಡ, ಬೇರು ಗೋಡೆ ಸೀಳುತ್ತದೆ. ಬಿಸಿಲು ಬೀಳುವ ಜಾಗವೇ ಆಗಲಿ: ಗ್ಯಾಸ್ ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ 30ರಿಂದ 35 ಡಿಗ್ರಿ ಹಿತ, 20ರ ಕೆಳಗೆ ಅವು ತೂಕಡಿಸುತ್ತವೆ.

ಆಶ್ಲೇಷ ಮಳೆಯ ಹೊತ್ತಿಗೆ ಆ ಜಾಗದಲ್ಲಿ ಒರತೆ ಎಷ್ಟು ಮೇಲೆ ಬರುತ್ತದೆ ಎಂದು ಪಕ್ಕದ ಬಾವಿ ನೋಡಿ ತಿಳಿದುಕೊಳ್ಳಿ. ಸುತ್ತ ಜಲ ಎದ್ದಾಗ ಖಾಲಿ ಗುಂಡಿಯನ್ನು ನೀರು ಕೆಳಗಿನಿಂದ ಎತ್ತುತ್ತದೆ, ತಳ ಬಿರಿಯುತ್ತದೆ. ಅದಕ್ಕೇ ದೊಡ್ಡಹಬ್ಬ (ದೀಪಾವಳಿ) ಕಳೆದ ಮೇಲೆ ಅಗೆದು, ಫೆಬ್ರವರಿಯೊಳಗೆ ಸಗಣಿ ತುಂಬಿಸಿಬಿಡಬೇಕು. ಬೇಸಿಗೆಯ ಕಾವಿನಲ್ಲಿ ಗುಂಡಿ ಹದಕ್ಕೆ ಬಂದಿದ್ದರೆ ಮಳೆಗಾಲ ದಾಟುತ್ತದೆ.

ಮನೆಬಳಕೆಗೆ ದೀನಬಂಧು ಮಾದರಿ ಸಾಕು. ಅಫ್‌ಪ್ರೋ ಎಂಬ ಸ್ವಯಂಸೇವಾ ಸಂಸ್ಥೆ 1984ರಲ್ಲಿ ರೂಪಿಸಿದ ಈ ಇಟ್ಟಿಗೆ ಗುಮ್ಮಟಕ್ಕೆ ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ ಬೇಕಿಲ್ಲ. ನಮ್ಮ ಮಳೆಗೆ ಡ್ರಮ್ಮಿನ ಗತಿ ಹೇಳುವುದೇ ಬೇಡ. 2 ಘನ ಮೀಟರಿನದಕ್ಕೆ ಸುಮಾರು 1000 ಇಟ್ಟಿಗೆ, 14 ಚೀಲ ಸಿಮೆಂಟ್ ಹಿಡಿಯುತ್ತದೆ. ಜಂಬಿಟ್ಟಿಗೆ ಗುಮ್ಮಟಕ್ಕೆ ಆಗದು, ಅದು ರಂಧ್ರಮಯ. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ನೀರಲ್ಲಿ ನೆನೆಸಿಯೇ ಇಡಬೇಕು. ಒಳಗಿನ ಗಿಲಾವು ಗ್ಯಾಸ್ ಹಿಡಿದಿಡುವ ಜಾಗವಾದ್ದರಿಂದ ಪದರ ಪದರವಾಗಿ ಬಳಿಸಿ, ಎರಡು ವಾರ ನೀರುಣಿಸಿ. ಗುಮ್ಮಟದ ಮೇಲೆ ಮಣ್ಣು ಮುಚ್ಚದೆ ಬಿಡಬೇಡಿ. ಒಳಗಿನ ಒತ್ತಡ ಸುಮಾರು 90 ಸೆಂಟಿಮೀಟರ್ ನೀರಿನ ಮಟ್ಟದಷ್ಟಕ್ಕೆ ಏರುತ್ತದೆ, ಅದನ್ನು ಅದುಮಿ ಹಿಡಿಯುವುದು ಆ ಮಣ್ಣಿನ ಭಾರವೇ.

ಸಗಣಿ ಹಾಕುವ ಮೊದಲು ನೀರಿನ ಪರೀಕ್ಷೆ. ಗ್ಯಾಸ್ ವಾಲ್ವ್ ತೆರೆದಿಟ್ಟು, ಒಳಬರುವ ಪೈಪಿನ ಗುಂಡಿಯೊಳಗಿನ ಬಾಯಿ ಮುಳುಗುವವರೆಗೆ ನೀರು ತುಂಬಿ. ಆಮೇಲೆ ವಾಲ್ವ್ ಮುಚ್ಚಿ ಇನ್ನಷ್ಟು ತುಂಬಿ. ಒಳಗಿನ ಗಾಳಿ ಒತ್ತಿಕೊಂಡು, ಸ್ಲರಿ ಹೊರಬೀಳುವ ಹೊರತೊಟ್ಟಿಯಲ್ಲಿ ನೀರು ಮೇಲೇರುತ್ತದೆ. ಗುರುತು ಹಾಕಿ ಒಂದು ದಿನ ಬಿಡಿ. ಮಟ್ಟ ಇಳಿದಿದ್ದರೆ ವಾಲ್ವ್, ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಅಲ್ಲಿಲ್ಲವೆಂದರೆ ಗೋಡೆಯೋ ಗುಮ್ಮಟವೋ ಸೋರುತ್ತಿದೆ. ಮೇಸ್ತ್ರಿಗೆ ಕೊನೆಯ ಕಂತು ಕೊಡುವುದು ಈ ಪರೀಕ್ಷೆ ಪಾಸಾದ ಮೇಲೆ.

ಸಹಾಯಧನ ಬೇಕಿದ್ದರೆ ಪಾಯ ತೋಡುವ ಮೊದಲೇ ಪಂಚಾಯಿತಿಯಲ್ಲಿ ವಿಚಾರಿಸಿ.

ತುಂಬುವುದು, ದಿನದ ಕೆಲಸ

ಸಗಣಿ ಒಳಗೆ 40 ದಿನ ನಿಲ್ಲಬೇಕೆಂದರೆ, ದಿನಕ್ಕೆ 50 ಕೆಜಿ ಸಗಣಿ, 50 ಲೀಟರ್ ನೀರಿನ ಲೆಕ್ಕದಲ್ಲಿ ಮೊದಲ ತುಂಬಕ್ಕೇ 2000 ಕೆಜಿ ಸಗಣಿ ಬೇಕು. ಆಗುಂಬೆಯಂಥ ತಂಪು ಸೀಮೆಯಲ್ಲಿ 55 ದಿನದ ಅಳತೆಯದ್ದನ್ನೇ ಕಟ್ಟಿಸಿ. ಅಷ್ಟು ಸಗಣಿ ಒಂದೇ ಸಲ ಒಬ್ಬರ ಮನೆಯಲ್ಲಿ ಸಿಗದು, ನೆರೆಮನೆಯವರ ಹತ್ತಿರ ಮೊದಲೇ ಮಾತಾಡಿ ಕೂಡಿಡಿ. ನಡೆಯುತ್ತಿರುವ ಗುಂಡಿಯಿಂದ ನಾಲ್ಕೈದು ಕೊಡ ಸ್ಲರಿ ತಂದು ಹೆಪ್ಪು ಹಾಕಿದರೆ ಬೇಗ ಹಿಡಿಯುತ್ತದೆ. ಮೊದಲು ಬರುವ ಗ್ಯಾಸಿನಲ್ಲಿ ಗಾಳಿ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದು ಉರಿಯದು, ಗಾಳಿ ಬೆರೆತಿದ್ದರೆ ಅಪಾಯ ಕೂಡ. ಒಂದೆರಡು ಸಲ ಬಯಲಿಗೆ ಬಿಟ್ಟುಬಿಡಿ.

ದಿನಾ ಸಗಣಿ, ನೀರು ಸಮಸಮ ಹಾಕಿ ಕೈಯಲ್ಲೇ ಕಲಸಿ ಗಂಟು ಒಡೆಯಿರಿ. ಕೈಯಿಂದ ಎತ್ತಿ ಬಿಟ್ಟರೆ ಗಂಜಿಯ ಹಾಗೆ ಎಳೆಯಾಗಿ ಜಾರಬೇಕು. ಕಲ್ಲು, ಮರಳು ಕಲಸುವ ತೊಟ್ಟಿಯ ತಳದಲ್ಲೇ ಉಳಿಯಲಿ. ಆರಿದ್ರಾ ಮಳೆ ಹಿಡಿದು ದನ ಹಸಿ ಹುಲ್ಲು ಮೇಯತೊಡಗಿದರೆ ಸಗಣಿಯೇ ತೆಳ್ಳಗಾಗುತ್ತದೆ, ಆಗ ನೀರನ್ನು ಅರ್ಧಕ್ಕಿಳಿಸಿ. ಕೊಟ್ಟಿಗೆ ತೊಳೆದ ನೀರನ್ನೆಲ್ಲ ಪೈಪಿನಲ್ಲಿ ಗುಂಡಿಗೇ ಬಿಡುವವರಿದ್ದಾರೆ. ಸ್ಲರಿ ನೀರಾಗಿ, ಕೊಳೆಯುವ ಮೊದಲೇ ಸಗಣಿ ಹೊರಬೀಳುತ್ತದೆ. ಉದ್ದನೆಯ ಬಿದಿರು ಗಳವನ್ನು ಒಳಪೈಪಿನಲ್ಲಿ ಹತ್ತಾರು ಸಲ ಮೇಲೆ ಕೆಳಗೆ ಆಡಿಸಿದರೆ ಮೇಲಿನ ಹೊದಿಕೆ ಒಡೆಯುತ್ತದೆ.

ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಗ್ಯಾಸ್ ನಿಂತರೆ ಚಳಿಯನ್ನು ಬೈಯುವ ಮೊದಲು ಔಷಧಿ ಡ್ರಮ್ ಎಲ್ಲಿ ತೊಳೆದಿರಿ ಎಂದು ನೆನಪಿಸಿಕೊಳ್ಳಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ 100 ಲೀಟರಿನಲ್ಲಿ ಒಂದು ಕೆಜಿ ಮೈಲುತುತ್ತ ಇರುತ್ತದೆ, ಆ ತಾಮ್ರ ಗುಂಡಿಯ ಜೀವಿಗಳನ್ನೂ ಕೊಲ್ಲುತ್ತದೆ. ಡ್ರಮ್, ಔಷಧಿ ಹೊಡೆಯುವ ಗಟಾರ್ ಪಂಪು ಕೊಟ್ಟಿಗೆಯ ಬಚ್ಚಲಲ್ಲಿ ತೊಳೆಯಬೇಡಿ. ಫಿನಾಯಿಲ್, ಸೋಪಿನ ನೀರಿಗೂ ಇದೇ ಮಾತು. ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಚುಚ್ಚಿಸಿಕೊಂಡ ಹಸುವಿನ ಸಗಣಿಯನ್ನು ಒಂದು ವಾರ ಗೊಬ್ಬರದ ಗುಂಡಿಗೆ ಹಾಕಿ. ಗುಂಡಿ ಹುಳಿಯಾಗಿ ಕೆಟ್ಟ ವಾಸನೆ ಬಂದರೆ ಕೆಲವು ದಿನ ಏನೂ ಹಾಕದೆ ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ಶುರುಮಾಡಿ.

ಒಲೆ ಗೋಬರ್ ಗ್ಯಾಸಿನದೇ ಇರಬೇಕು. ಎಲ್‌ಪಿಜಿ ಒಲೆಯ ಸಣ್ಣ ಜೆಟ್ಟಿನಲ್ಲಿ ಈ ಕಡಿಮೆ ಒತ್ತಡದ ಗ್ಯಾಸ್ ಸಾಕಷ್ಟು ಹೊರಡದು. ಉರಿ ಹಳದಿಯಾದರೆ ಗಾಳಿ ಕಿಂಡಿ ತೆರೆಯಿರಿ, ಬರ್ನರಿನಿಂದ ಹಾರುತ್ತಿದ್ದರೆ ಮುಚ್ಚಿ. ಬುಸ್ ಬುಸ್ ಎಂದು ಬಿಟ್ಟುಬಿಟ್ಟು ಉರಿದರೆ ಪೈಪಿನಲ್ಲಿ ನೀರು ನಿಂತಿದೆ. 100 ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟು, ತಗ್ಗಿನಲ್ಲಿ ನೀರು ಬಸಿಯುವ ಕೊಳಾಯಿ ಇಡಿ. ಬಚ್ಚಲು ಹಂಡೆ ಕಾಯಿಸಲು, ಅಡಿಕೆ ಬೇಯಿಸಲು ಈ ಗ್ಯಾಸ್ ಸಾಲದು. ಅದಕ್ಕೆ ಸೌದೆ ಬೇಕೇ ಬೇಕು.

ಸ್ಲರಿ

ಗ್ಯಾಸಿಗಿಂತ ಸ್ಲರಿಯ ಬೆಲೆಯೇ ಹೆಚ್ಚು ಎಂದರೆ ತೋಟದವರು ಒಪ್ಪುತ್ತಾರೆ. ಹೊರತೊಟ್ಟಿಯ ಪಕ್ಕ ಎರಡು ಗುಂಡಿ ಮಾಡಿ, ಒಂದು ತುಂಬುವಾಗ ಇನ್ನೊಂದು ಮಾಗಲಿ. ದರಕು, ಒಡೆದ ಅಡಿಕೆ ಸಿಪ್ಪೆ ಹರಡಿ ಮೇಲೆ ಸ್ಲರಿ ಬಿಡಿ. ಗ್ಯಾಸ್ ಗುಂಡಿಗೆ ಬೇಡವಾದದ್ದೆಲ್ಲ ಇಲ್ಲಿ ಬೇಕು. ಬಿಸಿಲಿಗೆ ಒಣಗಲು ಬಿಟ್ಟರೆ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ, ಮಳೆಗೆ ಬಿಟ್ಟರೆ ಹಳ್ಳದ ಪಾಲು. ಹಾಗಾಗಿ ಹೊರತೊಟ್ಟಿಗೂ ಈ ಗುಂಡಿಗಳಿಗೂ ತಗಡಿನ ಮಾಡು ಇರಲಿ, ಸುತ್ತ ಮಳೆನೀರು ತಿರುಗಿಸಲು ಕಾಲುವೆ ಇರಲಿ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕೆಜಿ ಕಾಂಪೋಸ್ಟ್, 12 ಕೆಜಿ ಹಸಿರೆಲೆ ಎಂಬುದು ಶಿಫಾರಸು. ಆ ಕಾಂಪೋಸ್ಟಿನ ಪಾಲನ್ನು ಸ್ಲರಿ ಗೊಬ್ಬರ ಪೂರೈಸುತ್ತದೆ, ಪೊಟ್ಯಾಷಿನ ಕೊರತೆಯನ್ನು ಪೂರ್ತಿ ತುಂಬದು. ಒಲೆ ಬೂದಿಯನ್ನೂ ಬುಡಕ್ಕೆ ಕೊಡಿ.

ಕೆಲವು ವರ್ಷಕ್ಕೊಮ್ಮೆ ತಳದ ಮಣ್ಣು ತೆಗೆಸಬೇಕಾದೀತು. ಅದನ್ನು ಬೇಸಿಗೆಯಲ್ಲೇ ಮಾಡಿ, ಸ್ಲರಿಯನ್ನು ಹೊರಗಿನಿಂದಲೇ ಬಕೆಟ್, ಪಂಪಿನಿಂದ ತೆಗೆಸಿ. ಗುಂಡಿ ಖಾಲಿಯಾಗಿ ಕಂಡರೂ ಒಳಗೆ ವಿಷಗಾಳಿ ನಿಂತಿರುತ್ತದೆ, ಒಬ್ಬ ಬಿದ್ದನೆಂದು ಇನ್ನೊಬ್ಬ ಇಳಿದು ಇಬ್ಬರೂ ಸಾಯುತ್ತಾರೆ. ದೀಪ ಇಳಿಸಿ ನೋಡುವ ಬಾವಿಯ ಪದ್ಧತಿ ಇಲ್ಲಿ ಬೇಡವೇ ಬೇಡ, ಮೀಥೇನ್ ಹೊತ್ತಿಕೊಳ್ಳುತ್ತದೆ. ಒಳಗಿಳಿಯುವುದು ತಪ್ಪದಿದ್ದರೆ ಬಾಯಿಗಳನ್ನೆಲ್ಲ ಹಲವು ದಿನ ತೆರೆದಿಟ್ಟು, ಬ್ಲೋವರಿನಿಂದ ಗಾಳಿ ಊದಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಹೊರಗೆ ಎಳೆಯಲು ಇಬ್ಬರನ್ನು ನಿಲ್ಲಿಸಿಯೇ ಅನುಭವಸ್ಥರನ್ನು ಇಳಿಸಿ. ಬೀಡಿ ಹಚ್ಚುವವರನ್ನು ಅಂಗಳದಾಚೆ ಕಳಿಸಿ.