ವಿಡಿಯೋ ಮಾಡಿ ಹೆಸರು ಮಾಡ್ಬೇಕಾ? ಹೀಗೆ ಶುರು ಮಾಡಿ

ಖಾಬಿ ಲೇಮ್ ಗೊತ್ತಲ್ವಾ, ಇಟಲಿಲಿ ಫ್ಯಾಕ್ಟರಿ ಕೆಲಸ ಮಾಡ್ತಿದ್ದ ಹುಡುಗ, 2020ರಲ್ಲಿ ಕೆಲಸ ಹೋಯ್ತು, ಮನೇಲಿ ಕೂತು ಟಿಕ್‌ಟಾಕ್ ಶುರು ಮಾಡಿದ, 2022ರಲ್ಲಿ ಅಲ್ಲಿ ಎಲ್ಲರಿಗಿಂತ ಜಾಸ್ತಿ ಫಾಲೋವರ್ಸ್ ಇರೋನು ಅವನೇ ಆಗ್ಬಿಟ್ಟ. ಬೇರೆಯವ್ರು ಸುಮ್ಸುಮ್ನೆ ಕಷ್ಟ ಮಾಡ್ಕೊಂಡು ತೋರ್ಸಿದ್ದನ್ನ ಇವನು ಸಲೀಸಾಗಿ ಮಾಡಿ ಎರಡೂ ಕೈ ಚಾಚ್ತಾನೆ ಅಷ್ಟೆ, ಮಾತೇ ಇಲ್ಲ, ಅದಕ್ಕೇ ಎಲ್ಲಾ ದೇಶದವ್ರಿಗೂ ಅರ್ಥ ಆಯ್ತು.

ನೀವೂ ನಿಮ್ದು ಅನ್ನೋ ಒಂದೇ ವಿಷಯ ಹಿಡ್ಕೊಳ್ಳಿ. ಇವತ್ತು ಅಡುಗೆ ನಾಳೆ ಡ್ಯಾನ್ಸ್ ನಾಡಿದ್ದು ಬೈಕ್ ಅಂದ್ರೆ ಜನ ಯಾಕೆ ಫಾಲೋ ಮಾಡ್ಬೇಕು ಹೇಳಿ?

ಆಮೇಲೆ ಶುರುವಿನ ಮೂರು ಸೆಕೆಂಡ್, ನನ್ ಪ್ರಕಾರ ಎಲ್ಲಾ ಇರೋದು ಇಲ್ಲೇ. "ಹಾಯ್ ಫ್ರೆಂಡ್ಸ್, ಎಲ್ರೂ ಹೇಗಿದೀರಾ" ಅನ್ನೋಷ್ಟ್ರಲ್ಲಿ ನೋಡೋರ ಹೆಬ್ಬೆರಳು ಮುಂದಿನ ವಿಡಿಯೋಗೆ ಹೋಗಿರುತ್ತೆ. ಕುರ್ಚಿ ರಿಪೇರಿ ವಿಡಿಯೋನಾ, ಕಾಲು ಲಟಕ್ ಅಂತ ಮುರಿಯೋದ್ರಿಂದಲೇ ಶುರು ಮಾಡಿ. ಜನ ಎಷ್ಟು ಹೊತ್ತು ನೋಡಿದ್ರು ಅನ್ನೋದನ್ನ ಗಮನಿಸ್ಕೊಂಡೇ ಆಲ್ಗಾರಿದಮ್ (ಯಾರಿಗೆ ಯಾವ ವಿಡಿಯೋ ತೋರ್ಸ್ಬೇಕು ಅಂತ ತೀರ್ಮಾನ ಮಾಡೋ ಆಪ್‌ನ ಲೆಕ್ಕಾಚಾರ) ಇನ್ನಷ್ಟು ಜನಕ್ಕೆ ತೋರ್ಸೋದು. ಯೂಟ್ಯೂಬ್ ಸ್ಟುಡಿಯೋ ಅಂತ ನಿಮ್ಮ ಚಾನೆಲ್ ನೋಡ್ಕೊಳ್ಳೋಕೆ ಯೂಟ್ಯೂಬ್‌ದೇ ಒಂದು ಆಪ್ ಇದೆ, ಅದ್ರಲ್ಲಿ ಇದರ ಗ್ರಾಫೇ ಇದೆ, ಗೆರೆ ಎಲ್ಲಿ ಧಡಕ್ಕನೆ ಕೆಳಗೆ ಬಿದ್ದಿದೆ ನೋಡಿ, ಮುಂದಿನ್ಸಲ ಆ ಥರದ ಭಾಗ ಕಟ್ ಮಾಡಿ.

ಕ್ಯಾಮೆರಾಗಿಂತ ಸೌಂಡ್ ಮುಖ್ಯ, ಫ್ಯಾನ್ ಆಫ್ ಮಾಡ್ಕೊಂಡು ರೆಕಾರ್ಡ್ ಮಾಡಿ.

ಯೂಟ್ಯೂಬಲ್ಲಿ ಜಾಹೀರಾತಿನ ದುಡ್ಡು ಬರಕ್ಕೆ 1,000 ಸಬ್‌ಸ್ಕ್ರೈಬರ್ಸ್ ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವಾಚ್ ಟೈಮ್ ಇಲ್ಲಾಂದ್ರೆ 90 ದಿನದಲ್ಲಿ ಶಾರ್ಟ್ಸ್‌ಗೆ (ಯೂಟ್ಯೂಬಿನ ಚಿಕ್ಕ ವಿಡಿಯೋಗಳಿಗೆ) 1 ಕೋಟಿ ವ್ಯೂಸ್. ದಯವಿಟ್ಟು ದುಡ್ಡು ಕೊಟ್ಟು ಫಾಲೋವರ್ಸ್ ತಗೋಬೇಡಿ, ಅವ್ರು ಯಾರೂ ವಿಡಿಯೋ ನೋಡಲ್ಲ, ಇರೋ ಚಾನೆಲ್ಲೂ ಹಾಳಾಗುತ್ತೆ.